ಚಂದ್ರಿಯ ಏಳನೆಯ ಕಪ್ಪು

ಮೊನ್ನೆ ಬೆಳಿಗ್ಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನವರು ನನ್ನ ಹೆಗಲು ತಟ್ಟಿದರು. ಕಿಟಕಿಯ ಪಕ್ಕ ಕುಳಿತಿದ್ದೆ. ಮೈಮೇಲೆ ವರ್ಷಕ್ಕೊಮ್ಮೆ ಟ್ರಂಕಿನಿಂದ ಹೊರಬರುವ ಸ್ವೆಟರು, ಕೈಯಲ್ಲಿ ಪಿಂಚಣಿಯ ಕಾಗದಪತ್ರ. ನವೆಂಬರ್ ತಿಂಗಳು ಬಂತೆಂದರೆ ನಮ್ಮಂಥ ನಿವೃತ್ತರು ತಾವಿನ್ನೂ ಬದುಕಿದ್ದೇವೆಂದು ಬರೆದುಕೊಟ್ಟು ಬರಬೇಕು. ನಾನು ಆ ಕೆಲಸಕ್ಕೇ ಹೊರಟಿದ್ದೆ.

“ಸರ್, ನಿಮ್ಮ ಸ್ವೆಟರಿಗಿ ಹಿಂದ ಏನೋ ಕರ್ರಗ ಅಂಟೈತ್ರಿ.”

ಕೈ ಹಿಂದೆ ಹಾಕಿದೆ, ಎಟುಕಲಿಲ್ಲ. ಪುಣ್ಯಾತ್ಮರು ತಾವೇ ಕಿತ್ತು ಕೊಟ್ಟರು. ಹೆಬ್ಬೆರಳಿನಷ್ಟು ಉದ್ದದ, ಬಾಗಿದ ಕಾಗದದ ತುಂಡು. ಪೂರಾ ಕಪ್ಪೂ ಅಲ್ಲ, ಕಂದೂ ಅಲ್ಲ, ತಳ ಹಿಡಿದ ಬೆಲ್ಲದ ಪಾಕದ ಬಣ್ಣ. ಹಿಂಬದಿಗೆ ದಪ್ಪನೆಯ ಅಂಟು ಟೇಪು, ಅದರ ತುಂಬ ಸ್ವೆಟರಿನ ಉಣ್ಣೆ. ನೋಡಿದ ಕೂಡಲೇ ಗುರುತು ಹತ್ತಿತು.

“ಏನ್ರಿ ಅದು?” ಎಂದರು ಅವರು.

“ಎಮ್ಮಿ ಕಿವಿ ರೀ!” ಅಂದೆ. ಸಂತೋಷಕ್ಕೆ ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. “ತಿಂಗಳಗಟ್ಟಲೆ ಹುಡುಕಾಕತ್ತೇವಿ. ನನ್ನ ಬೆನ್ನಿಗೇ ಇತ್ತು ನೋಡ್ರಿ!”

ನವಲೂರು ಬರುವ ಮೊದಲೇ ಅವರು ಎದ್ದು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕುಳಿತರು.

ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಬಸ್ಸೇ ಇಳಿಯುತ್ತಿದ್ದೆ. ಎಮ್ಮೆಯ ಕಿವಿ ನನ್ನ ಸ್ವೆಟರಿಗೆ ಬಂದದ್ದು ಹೇಗೆಂದು ನಿಮಗೆ ಹೇಳಬೇಕಾದರೆ ನನ್ನ ಹೆಂಡತಿಯ ಮಶೀನಿನ ಬಗ್ಗೆ ಹೇಳಬೇಕು, ಮಶೀನಿಗಿಂತ ಮೊದಲು ನೀಲವ್ವ ಅತ್ತೆಯ ಬಗ್ಗೆ ಹೇಳಬೇಕು.

ನೀಲವ್ವ ಅತ್ತೆ ನನ್ನ ಅಪ್ಪನ ತಂಗಿ. ಇರುವುದು ಧಾರವಾಡದ ಕೆಲಗೇರಿಯಲ್ಲಿ, ಕೆರೆಗೆ ಹತ್ತಿರ, ಮಗ ಮತ್ತು ಸೊಸೆಯ ಜೊತೆ. ನಾನು ಹೈಸ್ಕೂಲು ಮುಗಿಸುವವರೆಗೂ ಬೆಳೆದದ್ದು ಅವಳ ಮನೆಯಲ್ಲೇ. ಅವಳು ಎಮ್ಮೆ ಕಟ್ಟಿ, ಹಿತ್ತಾಳೆಯ ಕ್ಯಾನು ಸೊಂಟದ ಮೇಲಿಟ್ಟು, ಮನೆಮನೆಗೆ ನಡೆದು ಹಾಲು ಹಾಕುತ್ತಿದ್ದಳು. ನೀರು ಬೆರೆಸುವುದಿಲ್ಲವೆಂದು ಅವಳಿಗೆ ಎಷ್ಟು ಹೆಸರಿತ್ತೆಂದರೆ, ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳದ ಮೇಲೆ ತನ್ನ ಸೆರಗು ಹೊದಿಸಿ ತಾನು ನೆನೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಎಮ್ಮೆ ಈದ ವಾರವೆಲ್ಲ ಓಣಿಯ ತುಂಬ ಗಿಣ್ಣದ ವಾಸನೆ. ಗಿಣ್ಣ ಹಂಚುವ ಕೆಲಸ ನನ್ನದು. ಹತ್ತು ಮನೆಗೆಂದು ಕೊಟ್ಟ ಗಿಣ್ಣ ಎಂಟು ಮನೆಗೆ ಮುಟ್ಟುತ್ತಿತ್ತು. ಉಳಿದೆರಡು ಮನೆಯವರು ನನ್ನ ಮೇಲೆ ಇವತ್ತಿಗೂ ಸಂಶಯ ಇಟ್ಟುಕೊಂಡಿದ್ದಾರೆ.

ಅವಳ ಎಮ್ಮೆಯ ಹೆಸರು ಚಂದ್ರಿ. ಯಾವ ಎಮ್ಮೆ ಎಂದು ಕೇಳಬೇಡಿ. ಮಠದ ಪೀಠಕ್ಕೆ ಯಾರು ಬಂದರೂ ಹೆಸರು ಅದೇ ಇರುವ ಹಾಗೆ, ಅತ್ತೆಯ ಕೊಟ್ಟಿಗೆಯಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆ ಹೊತ್ತು ಹುಟ್ಟಿದ ಕರುವೇ ಮುಂದಿನ ಚಂದ್ರಿ. ನನ್ನ ಬಾಲ್ಯದ ಚಂದ್ರಿ ಬೇರೆ, ಹೋದ ವರ್ಷ ಮುಪ್ಪಾಗಿ ಕಣ್ಣು ಮುಚ್ಚಿದ ಚಂದ್ರಿ ಬೇರೆ. ಆದರೆ ಮನೆತನದ ಗುಣ ಮಾತ್ರ ಒಂದೇ. ಹಾಲು ಹಿಂಡಲು ಅದರ ಬಲಗಡೆಗೆ ಕೂತರೆ ದೇವರಂಥದು, ಎಡಗಡೆಗೆ ಹೋದರೆ ಒದೆ. ನನ್ನ ಮೊಣಕಾಲ ಮೇಲಿನ ಗಾಯದ ಗುರುತು ಯಾವುದೋ ಸೈಕಲ್ ಸಾಹಸದ್ದೆಂದು ಹೆಂಡತಿಗೆ ಹೇಳಿದ್ದೆ. ಅದು ಚಂದ್ರಿಯ ಮುತ್ತಜ್ಜಿಯದು.

ಕೊನೆಯ ಚಂದ್ರಿಗೆ ಕರು ನಿಲ್ಲಲಿಲ್ಲ. ಹಾಗಾಗಿ ಪೀಠ ಖಾಲಿಯಾಯಿತು. ಕೊಟ್ಟಿಗೆಯಲ್ಲಿ ಈಗ ಸ್ಕೂಟರು ನಿಲ್ಲುತ್ತದೆ. ನಸುಕಿನಲ್ಲಿ ಎದ್ದ ಅತ್ತೆ ರೂಢಿಯಂತೆ ಅಲ್ಲಿಗೆ ಹೋಗಿ ಸ್ಕೂಟರಿನ ಸೀಟಿನ ಮೇಲೆ ಕೈಯಾಡಿಸಿ ಹೊರಳಿ ಬರುತ್ತಾಳೆಂದು ಸೊಸೆ ಗಂಗಾ ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ. ಆಮೇಲೆ ನಗಬಾರದಿತ್ತು ಅನ್ನಿಸಿತು.

ಯಾಕೆಂದರೆ ಅತ್ತೆಗೆ ಅದು ಸ್ಕೂಟರೋ ಎಮ್ಮೆಯೋ ಕಾಣುತ್ತಲೂ ಇರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿದರೆ ನಿಚ್ಚಳ ಕಾಣುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮೂರು ಸಲ ದಿನ ಗೊತ್ತು ಮಾಡಿ ಮೂರು ಸಲವೂ ಅತ್ತೆ ಚಾಪೆ ಬಿಟ್ಟು ಏಳಲಿಲ್ಲ. ಮಗ ಹೇಳಿದ, ಸೊಸೆ ಹೇಳಿದಳು, ನಾನು ಹುಬ್ಬಳ್ಳಿಯಿಂದ ಹೋಗಿ ಅರ್ಧ ದಿನ ಭಾಷಣ ಮಾಡಿದೆ. ಎಲ್ಲ ಕೇಳಿದ ಮೇಲೆ ಅವಳು ಅಂದದ್ದು ಇಷ್ಟೇ:

“ಚಂದ್ರೀನ ಇಲ್ಲ. ಇನ್ನ ಕಣ್ಣ ತಗೊಂಡ ನೋಡೂದರ ಏನೈತೋ ಬಸ್ಯಾ?”

ಮಾತು ಬೆಳೆಸಬಾರದೆಂದು ನಾನು ಗಂಗಾಳ ಫೋನಿನಲ್ಲಿದ್ದ ಚಂದ್ರಿಯ ಫೋಟೋ ತೋರಿಸಿದೆ. ಇದ್ದದ್ದು ಅದೊಂದೇ ಫೋಟೋ. ಕೆರೆಯಿಂದ ಅರ್ಧ ಮೈ ನೆನೆಸಿಕೊಂಡು ಮೇಲೆ ಬರುತ್ತಿರುವ ಚಂದ್ರಿ, ಮುಖ ಬಲಕ್ಕೆ, ಕೆಳಗೆ ಬಾಗಿದ ಸೊಟ್ಟ ಬಲಗೊಂಬು, ಬೆನ್ನ ಮೇಲೊಂದು ಬೆಳ್ಳಕ್ಕಿ. ಅತ್ತೆ ಫೋನನ್ನು ಮೂಗಿನ ತುದಿಗೆ ಹಿಡಿದು ನೋಡಿ ವಾಪಸು ಕೊಟ್ಟಳು. “ಕರಿ ಇರಿವಿ ಕಂಡಂಗ ಕಾಣತೈತಿ. ಒಯ್ಯಿ ಅತ್ತಾಗ.”

ಅಲ್ಲಿ ನನ್ನ ಬಾಯಿ ಸುಮ್ಮನಿರಬೇಕಾಗಿತ್ತು. ಮೂವತ್ತಮೂರು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ಬಾಯಿ ಅದು. “ಅತ್ತಿ, ಕಣ್ಣಿಗಿ ಕಾಣದಿದ್ರ ಬ್ಯಾಡ. ಕೈಗೆ ಹತ್ತೂವಂಗ, ಮುಟ್ಟಿ ನೋಡೂವಂಗ ಚಂದ್ರೀನ ಮಾಡಿ ಕೊಡತೇನಿ. ಇಷ್ಟ ದೊಡ್ಡದು,” ಎಂದು ಎರಡೂ ಕೈ ಚಾಚಿದೆ. ಅವಳಿಗೆ ನನ್ನ ಕೈ ಕಾಣಲಿಲ್ಲ. ಗಂಗಾಳಿಗೆ ಕಂಡಿತು. ಸಾಕ್ಷಿಯಾಯಿತು.

ಈಗ ಮಶೀನು. ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಅಡುಗೆಮನೆಗೆ ಹತ್ತಿದ ಕೋಣೆಯಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದಿದೆ. ಒಳಗೆ ಸೂಜಿಯಂಥ ಬ್ಲೇಡು. ಹಾಳೆ ಒಳಗೆ ಕೊಟ್ಟರೆ ಜೀಂಯ್ ಜೀಂಯ್ ಎಂದು ಆಚೆ ಈಚೆ ಓಡಾಡಿ ಬೇಕಾದ ಆಕಾರ ಕತ್ತರಿಸಿ ಕೊಡುತ್ತದೆ. ಅದರ ಒಡತಿ ನನ್ನ ಹೆಂಡತಿ ಶಕುಂತಲಾ. ಬಸುರಿಯ ಕುಬಸಕ್ಕೆ ಬಣ್ಣದ ತೋರಣ, ತೊಟ್ಟಿಲಿಗೆ ಕೂಸಿನ ಹೆಸರು, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಕ್ಕಳ ಅಂಗಿಯ ಮೇಲೆ ಇಸ್ತ್ರಿ ಹಚ್ಚಿ ಕೂಡಿಸುವ ಹುಲಿ, ನವಿಲು, ಎಲ್ಲವನ್ನೂ ಅವಳು ಅದರಲ್ಲಿ ತೆಗೆಯುತ್ತಾಳೆ. ನಾನು ಅವಳ ಕೈಕೆಳಗಿನ ನೌಕರ. ಕತ್ತರಿಸಿದ ಹಾಳೆಯಿಂದ ಬೇಡದ ಚೂರುಗಳನ್ನು ಸೂಜಿಯಿಂದ ಎತ್ತಿ ತೆಗೆಯುವುದು ನನ್ನ ಕೆಲಸ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಆ ಚೂರುಗಳು ನನ್ನ ಮೊಣಕೈಗೆ, ಕನ್ನಡಕಕ್ಕೆ ಅಂಟಿ, ಒಮ್ಮೆ ರೊಟ್ಟಿಯ ಒಳಗೂ ಸಿಕ್ಕಿವೆ.

ಫೋಟೋವನ್ನು ಹಾಗೇ ಕೊಟ್ಟರೆ ಮಶೀನಿಗೆ ತಿಳಿಯುವುದಿಲ್ಲ. ಫೋಟೋ ಎಂದರೆ ರವೆಯ ಹಾಗೆ ಚುಕ್ಕೆಗಳ ರಾಶಿ. ಮಶೀನಿಗೆ ಬೇಕಾದದ್ದು ಗೆರೆ, ಎಲ್ಲಿಂದ ಎಲ್ಲಿಗೆ ಕತ್ತರಿಸಲಿ ಎಂದು ಹೇಳುವ ಗೆರೆ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮು ಇದೆ. ಫೋಟೋ ಹಾಕಿ, ಬಣ್ಣ ಎಷ್ಟು ಎಂಬುದನ್ನು ಹೇಳಿದರೆ, ಅದು ಚಿತ್ರವನ್ನು ಬಣ್ಣಕ್ಕೊಂದರಂತೆ ಪದರು ಪದರಾಗಿ ಬಿಡಿಸಿ ಗೆರೆಯ ಫೈಲು ಮಾಡಿ ಕೊಡುತ್ತದೆ. ಒಂದೊಂದು ಪದರನ್ನು ಆಯಾ ಬಣ್ಣದ ಹಾಳೆಯಲ್ಲಿ ಕತ್ತರಿಸಿ, ನಡುವೆ ದಪ್ಪ ಟೇಪು ಹಚ್ಚಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರ ಉಬ್ಬಿ ನಿಲ್ಲುತ್ತದೆ, ಬೆರಳಿಗೆ ಹತ್ತುತ್ತದೆ. ನಾನು ಅತ್ತೆಗೆ ಮಾತು ಕೊಟ್ಟದ್ದು ಈ ಧೈರ್ಯದ ಮೇಲೆ.

“ನಾ ಮಾಡಿ ಕೊಡತೇನ್ರಿ,” ಅಂದಳು ಶಕುಂತಲಾ.

“ಬ್ಯಾಡ. ನಮ್ಮ ಅತ್ತಿ ಎಮ್ಮಿ. ನಾನ ಮಾಡತೇನಿ,” ಅಂದೆ.

ಫೋಟೋ ಹಾಕಿದೆ. ಬಣ್ಣ ಎಷ್ಟು ಎಂದು ಪ್ರೋಗ್ರಾಮು ಕೇಳಿತು. ಎಮ್ಮೆಗೇನು ನವಿಲಿನಷ್ಟು ಬಣ್ಣವೇ? ಎರಡು ಎಂದು ಒತ್ತಿದೆ, ಒಂದು ಕಪ್ಪು, ಒಂದು ಬಿಳಿ. ಪರದೆಯ ಮೇಲೆ ದೊಡ್ಡದೊಂದು ಕಪ್ಪು ಕಲೆ ಮೂಡಿತು, ನಡುನಡುವೆ ಎರಡು ತೂತು. ಒಂದು ಹಣೆಯ ಚುಕ್ಕೆ, ಇನ್ನೊಂದು ಬೆಳ್ಳಕ್ಕಿ.

ಶಕುಂತಲಾ ಹಿಂದಿನಿಂದ ಬಗ್ಗಿ ನೋಡಿದಳು. “ಇದೇನ್ರಿ, ಕೆಲಗೇರಿ ಕೆರಿ ನಕಾಶೀನ?”

ಹಟಕ್ಕೆ ಬಿದ್ದು ಇಪ್ಪತ್ತು ಬಣ್ಣ ಒತ್ತಿದೆ. ಈಗ ಎಮ್ಮೆ ಗಾಜಿನ ಹೂಜಿ ಒಡೆದಂತೆ ಚೂರುಚೂರಾಗಿ ಬಂತು. ಬಣ್ಣ ಒಂದೇ ಆದರೆ ಸಾಕು, ಯಾರದು ಯಾವುದೆಂದು ಕಂಪ್ಯೂಟರು ವಿಚಾರಿಸುವುದಿಲ್ಲ. ಚಂದ್ರಿಯ ಹಣೆಯ ಬಿಳಿ, ಬೆಳ್ಳಕ್ಕಿ, ದಂಡೆಯ ಮೇಲೆ ಯಾರೋ ಒಣಗಹಾಕಿದ ಧೋತರ, ಮೂರೂ ಒಂದೇ ಪದರಿನಲ್ಲಿ ಅಣ್ಣತಮ್ಮಂದಿರಂತೆ ಕೂತಿದ್ದವು. ನೆನೆದ ಮೈಯ ಹೊಳಪು ಕೆರೆಯ ನೀರಿನ ಪದರಿಗೆ ಸೇರಿಹೋಗಿತ್ತು. ಧೋತರ ಅಳಿಸಲು ಹೋಗಿ ಬಾಲ ಅಳಿಸಿದೆ. ಬಾಲ ವಾಪಸು ತರಲು ಹೋಗಿ ಮತ್ತೊಂದು ಧೋತರ ತಂದೆ. ಮಕ್ಕಳು ಶಾಲೆಯಲ್ಲಿ ಚಿತ್ರ ಕೆಡಿಸಿದಾಗ “ಮೊದಲು ಗೆರಿ ಸರಿಯಾಗಿ ಹಾಕ್ರೋ” ಎಂದು ನಾನು ಬಾರಿಸಿದ ಏಟುಗಳೆಲ್ಲ ಆ ವಾರ ಒಂದೊಂದಾಗಿ ನೆನಪಾದವು.

ಕೊನೆಗೆ ಸೋತು ಅತ್ತೆಗೇ ಫೋನು ಮಾಡಿದೆ.

“ಅತ್ತಿ, ಚಂದ್ರಿ ಮೈಮ್ಯಾಲೆ ಎಷ್ಟ ಬಣ್ಣ ಇದ್ದೂ?”

“ಏಳು,” ಅಂದಳು, ಒಂದು ಉಸಿರೂ ತಡಮಾಡದೆ. “ಏಳ ಕರಿ. ಹಣಿ ಬಿಳಿ ಬ್ಯಾರೆ.”

“ಏಳ ಕರಿ ಎಲ್ಲಿಂದ ಬಂದಾವ ಅತ್ತಿ?”

“ಮರತಿ? ಎಮ್ಮಿ ಸುಟ್ಟಾಂವ ನೀ. ನಿನಗ ಹೆಂಗ ನೆನಪ ಇರತೈತಿ!”

ಮರೆತಿರಲಿಲ್ಲ, ಮರೆತವನಂತೆ ಇದ್ದೆ ಅಷ್ಟೆ. ಎಂಟು ವರ್ಷದವನಿದ್ದಾಗ ಒಲೆಯ ಇದ್ದಲಿ ತಂದು ಕೊಟ್ಟಿಗೆಯ ಗೋಡೆಯ ಮೇಲೆ ಆಗಿನ ಚಂದ್ರಿಯ ಚಿತ್ರ ಬರೆದಿದ್ದೆ. ಬರೆದು, ಒಳಗೆಲ್ಲ ಇದ್ದಲಿ ತಿಕ್ಕಿ ತಿಕ್ಕಿ ಕರ್ರಗೆ ಮಾಡಿದ್ದೆ. ಹಾಲಿನ ತಂಬಿಗೆ ಹಿಡಿದು ಬಂದ ಅತ್ತೆ ನೋಡಿ, “ಇದೇನೋ, ಎಮ್ಮಿ ಸುಟ್ಟ ಇಟ್ಟಿ?” ಅಂದಳು. ಹೊಡೆಯಲಿಲ್ಲ. ನನ್ನ ಇದ್ದಲಿಯ ಕೈ ಹಿಡಿದು ಚಂದ್ರಿಯ ಮೈಮೇಲೆಲ್ಲ ಇಟ್ಟು ಇಟ್ಟು ತೋರಿಸಿದಳು. ಇಲ್ಲಿ ನೋಡು, ಇದು ಕರಿ. ಇಲ್ಲಿ ನೋಡು, ಇದು ಬ್ಯಾರೆ ಕರಿ. ಆವತ್ತು ಎಮ್ಮೆಯ ಮೈ ಎಷ್ಟು ಬಿಸಿ ಇತ್ತೆಂಬುದು ನೆನಪಿದೆ, ಬಣ್ಣ ಒಂದೂ ನೆನಪಿಲ್ಲ. ದೊಡ್ಡವನಾಗಿ ಮಾಸ್ತರನಾದ ಮೇಲೆ ಮೂವತ್ತಮೂರು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ: ಎಮ್ಮೆಗೆ ಕರಿ ಪೆನ್ಸಿಲ್ಲು ತೆಗೆದುಕೊಳ್ಳಿ.

ಫೋನಿನಲ್ಲಿ ಅವಳು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಬೆನ್ನ ಮೇಲಿನದು ಬಿಸಿಲಿಗೆ ಕಂದಿದ ಕರಿ, ಹಳೆಯ ಛತ್ರಿಯಂಥದು. ಹೊಟ್ಟೆಯದು ನೀರಿನಿಂದ ಎದ್ದ ಕರಿ. ಕೊಂಬು ಪಾಟಿಯ ಕರಿ, ಬರೆದು ಅಳಿಸಿದ ಪಾಟಿ. ಮೂಗು ಎಣ್ಣೆ ಹಚ್ಚಿದ್ದು. ಮೊಣಕಾಲು ಸವೆದದ್ದು. ಗದ್ದದ ಕೆಳಗೆ ಬೂದಿ ಬೆರೆತದ್ದು, ಅವಳ ಕಪ್ಪು ಚಂದ್ರಕಾಳಿ ಸೀರೆ ಹತ್ತು ಸಲ ಒಗೆದ ಮೇಲೆ ಹೇಗಿತ್ತೋ ಹಾಗೆ. “ಮತ್ತ ಕಿವಿ ಒಳಗಿಂದು. ಅದು ಬೆಲ್ಲದ ಪಾಕ ತಳಾ ಹಿಡದಂಗ ಇರತೈತಿ. ಬಿಸಲ ಹಿಂದಿಂದ ಬಿದ್ದಾಗಷ್ಟ ಕಾಣತೈತಿ. ಅದನ್ನ ಮರೀಬ್ಯಾಡ, ಆಕಿ ಕೇಳೂದ ಅದರಾಗ.” ಎರಡು ವರ್ಷದಿಂದ ಸರಿಯಾಗಿ ಏನೂ ಕಾಣದವಳು ಹೇಳುತ್ತಿದ್ದಳು. ಕಣ್ಣು ನೆಟ್ಟಗಿದ್ದ ನಾನು ಇದನ್ನೆಲ್ಲ ಒಮ್ಮೆಯೂ ನೋಡಿರಲಿಲ್ಲ ಎಂದು ಆವತ್ತು ನಿಜವಾಗಿ ನಾಚಿಕೆಯಾಯಿತು.

ಹಳೇ ಹುಬ್ಬಳ್ಳಿಯ ಗಲ್ಲಿಯಲ್ಲಿ ಶಕುಂತಲಾ ಹಾಳೆ ಕೊಳ್ಳುವ ಕಾಯಮ್ ಅಂಗಡಿಗೆ ಹೋದೆ.

“ಏಳ ಥರದ ಕರಿ ಹಾಳಿ ಬೇಕಾಗ್ಯಾವ್ರಿ.”

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕೆಂಪ ಕೇಳ್ರಿ, ಎಂಟ ಥರ ಕೊಡತೇನಿ. ಕರಿ ಅಂದ್ರ ಒಂದ ರೀ ಸಾಹೇಬ್ರ.”

“ನೀವು ಎಮ್ಮಿ ನೋಡಿಲ್ಲೇನ್ರಿ?”

“ನೋಡೇನ್ರಿ. ಕರ್ರಗ ಇರತೈತಿ.”

ಒಂದು ವಾರದ ಹಿಂದಿನ ನನ್ನ ಮಾತೇ ಅವರ ಬಾಯಲ್ಲಿ ಬಂದದ್ದರಿಂದ ಜಗಳ ಮಾಡಲು ಮುಖವಿರಲಿಲ್ಲ. ಅವರು ಪಾಪ ಹುಡುಕಿ ಎರಡು ಕೊಟ್ಟರು, ಹೊಳೆಯುವುದೊಂದು, ಹೊಳೆಯದ್ದೊಂದು. ಉಳಿದದ್ದಕ್ಕೆ ನಮ್ಮ ಮನೆಯೇ ಗತಿ. ಬೂಟಿನ ಡಬ್ಬಿಯ ಮುಚ್ಚಳ ಹೋಯಿತು. ಮದುವೆ ಆಲ್ಬಮ್ಮಿನ ಖಾಲಿ ಪುಟಗಳು ಹೋದವು. ಹಳೆಯದಾಗಿ ಅವು ಬೂದಿ ಬಣ್ಣಕ್ಕೆ ತಿರುಗಿದ್ದವು, ಗದ್ದಕ್ಕೆ ಹೇಳಿ ಮಾಡಿಸಿದ ಹಾಗೆ. ಕಿವಿಯ ಒಳಗಿನ ಬಣ್ಣ ಮಾತ್ರ ಎಲ್ಲೂ ಸಿಗದೆ, ಕೊನೆಗೆ ರದ್ದಿಯಲ್ಲಿ ಒಂದು ಲಗ್ನಪತ್ರಿಕೆಯ ಲಕೋಟೆ ಸಿಕ್ಕಿತು. ಯಾರ ಲಗ್ನವೋ, ನಾವು ಹೋಗಿರಲೂ ಇಲ್ಲ. ಬಣ್ಣ ಮಾತ್ರ ತಳ ಹಿಡಿದ ಪಾಕ.

ಕತ್ತರಿಸಿ, ಜೋಡಿಸಿ, ಹಲಗೆಯ ಮೇಲೆ ಕೂಡಿಸಿದಾಗ ಚಂದ್ರಿ ಎದ್ದು ಬರುವಂತಿದ್ದಳು. ಶಕುಂತಲಾ ಕೂಡ ಬಾಯ್ತುಂಬ ಹೊಗಳಿದಳು. ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೆಲಗೇರಿಗೆ ಒಯ್ದೆ. ಜನವರಿಯ ಥಂಡಿ, ಮೈಮೇಲೆ ಇದೇ ಸ್ವೆಟರು.

ಅತ್ತೆ ಚಾಪೆಯ ಮೇಲೆ ಕೂತು ಎರಡೂ ಕೈ ಚಾಚಿದಳು. ಬೆರಳು ಬೆನ್ನ ಮೇಲೆ ಆಡಿದವು, ಹೊಟ್ಟೆಗೆ ಇಳಿದವು. ಮುಖ ಅರಳಿತು. ಕೈ ಮುಂದೆ ಹೋಗಿ ಸೊಟ್ಟ ಕೊಂಬು ಸಿಕ್ಕಿತು. ಸಿಕ್ಕ ಕೂಡಲೇ ಅವಳು ಕೆಂಡ ಮುಟ್ಟಿದವಳಂತೆ ಕೈ ಹಿಂದೆಗೆದು, ಕೂತಲ್ಲೇ ಎರಡು ಮೊಳ ಹಿಂದೆ ಸರಿದಳು.

“ಯಾಕ ಅತ್ತಿ?”

“ಇದು ಎಡಗಡೆ! ಎಡಗಡೆ ಕುಂದ್ರಿಸೀ ನನ್ನ! ಒದೀತಾಳೋ!”

ನನಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಗಂಗಾ ಫೋನಿನ ಫೋಟೋ ತಂದು ಪಕ್ಕಕ್ಕೆ ಹಿಡಿದಳು. ಫೋಟೋದಲ್ಲಿ ಚಂದ್ರಿಯ ಮುಖ ಬಲಕ್ಕೆ, ನನ್ನ ಚಂದ್ರಿಯ ಮುಖ ಎಡಕ್ಕೆ. ಸೊಟ್ಟ ಕೊಂಬು ಎಡಗೊಂಬಾಗಿತ್ತು, ನೋಡುವವರಿಗೆ ತೋರುತ್ತಿದ್ದದ್ದು ಒದೆಯುವ ಮಗ್ಗುಲು. ಮನೆಗೆ ಫೋನು ಮಾಡಿದರೆ ಶಕುಂತಲಾ ಹಣೆ ಬಡಿದುಕೊಂಡ ಸಪ್ಪಳ ಕೇಳಿಸಿತು.

“ಗ್ಯಾದರಿಂಗ್ ಅಂಗಿ ಮಾಡುವಾಗ ಉಲ್ಟಾ ಕತ್ತರಸ್ಬೇಕಾಗತೈತ್ರಿ, ಇಸ್ತ್ರಿ ಹಚ್ಚಿದ ಮ್ಯಾಲೆ ಸುಲ್ಟಾ ಆಗ್ಲಿ ಅಂತ. ಕಂಪ್ಯೂಟರಿನಾಗ ಆ ಉಲ್ಟಾ ಗುರ್ತು ಹಂಗ ಉಳದೈತಿ. ನೀವರ ನೋಡಬಾರದ?”

ಏಳೂ ಪದರು ಒಟ್ಟಿಗೇ ಉಲ್ಟಾ ಆಗಿದ್ದರಿಂದ ಒಂದಕ್ಕೊಂದು ಸರಿಯಾಗಿ ಕೂತಿದ್ದವು. ಡ್ರಾಯಿಂಗ್ ಮಾಸ್ತರನ ಕಣ್ಣಿಗೆ ಬೀಳದ್ದು ಪೊರೆ ಬಂದವಳ ಬೆರಳಿಗೆ ಸಿಕ್ಕಿತ್ತು. “ಇದು ಚಂದ್ರಿ ಅಲ್ಲ, ಎದರ ಮನಿ ಎಮ್ಮಿ,” ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಡಿಲ ಮೇಲೆ ಎದುರು ಮನೆಯ ಎಮ್ಮೆ ಇಟ್ಟುಕೊಂಡು ಕೂತಿದ್ದೆ. ಅವಳ ಮುಖ ಒಂದು ನಿಮಿಷ ಅರಳಿದ್ದನ್ನು ನೋಡಿದ್ದೆನಲ್ಲ, ಮನೆ ಮುಟ್ಟಿದ ಕೂಡಲೇ ಮಶೀನಿನ ಮುಂದೆ ಕೂತೆ.

ಮತ್ತೆ ಕತ್ತರಿಸಿದೆ. ಲಕೋಟೆಯಲ್ಲಿ ಉಳಿದಿದ್ದ ತುಂಡು ಸರಿಯಾಗಿ ಒಂದು ಕಿವಿಗೆ ಸಾಕಾಯಿತು, ಅಲ್ಲಿಗೆ ಲಕೋಟೆ ಮುಗಿಯಿತು. ಈ ಸಲ ಶಕುಂತಲಾ ಪ್ರತಿ ಪದರಿಗೂ ಬಂದು, “ಮುಖ ಎಲ್ಲೈತಿ? ಬಲಕ್ಕ ಐತಿ? ಹೂಂ, ಕತ್ತರಸ್ರಿ,” ಎಂದು ಅಪ್ಪಣೆ ಕೊಟ್ಟಳು.

ಅದೇ ಜನವರಿಯಲ್ಲಿ, ಅದೇ ಸ್ವೆಟರಿನಲ್ಲಿ ಮತ್ತೆ ಹೋದೆ. ಎರಡನೇ ಸಲ ಅತ್ತೆ ಕೈ ಚಾಚಲೇ ಇಲ್ಲ. ಒಂದೇ ಬೆರಳು ಮುಂದೆ ಮಾಡಿ ಮೊದಲು ಸೊಟ್ಟ ಕೊಂಬು ಎಲ್ಲಿದೆ ಎಂದು ಹುಡುಕಿದಳು. ಸಿಕ್ಕಿತು. ಆಮೇಲೆ ಕೈ ಪೂರಾ ಇಟ್ಟಳು. “ಕೊಂಬು ಬರೋಬ್ಬರಿ,” ಅಂದಳು. “ಕಿವಿ, ಬರೋಬ್ಬರಿ.” ಕೈ ಗದ್ದದ ಕೆಳಗೆ ಹೋಗಿ ಅಲ್ಲೇ ನಿಂತು, ಮೆಲ್ಲಗೆ ಕೆರೆಯತೊಡಗಿತು. ಕಾಗದ ಕರ ಕರ ಅಂದಿತು. ಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಕೆಮ್ಮಿದೆ.

“ಬಣ್ಣ?” ಅಂದಳು ಅತ್ತೆ.

“ಏಳೂ ಕರಿ ಹಾಕೇನಿ. ನೀ ಹೇಳಿದಂಗ.”

“ಖರೇನ?”

“ಬಸವಣ್ಣನ ಆಣಿ.”

“ನಿನ್ನ ಮಾತ ನಂಬಾಕ ನನಗೇನ ಹುಚ್ಚ ಹಿಡದೈತಿ? ಎಮ್ಮಿ ಸುಟ್ಟಾಂವ ನೀ. ಹತ್ತ ಮನಿ ಗಿಣ್ಣ ಎಂಟ ಮನಿಗೆ ಹಂಚಿದಾಂವ.” ಮತ್ತೆ ಚಂದ್ರಿಯ ಗದ್ದ ಕೆರೆದಳು. ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದಳು, “ಗಂಗಾ! ಆ ಕಣ್ಣಿನ ಡಾಕ್ಟರು ಯಾವತ್ತ ಬರ್ರಿ ಅಂದಾರ ಕೇಳವಾ. ಈ ಮನಿಶ್ಯಾ ಏನೇನ ಮೋಸ ಮಾಡ್ಯಾನ, ನಾ ನೋಡಬೇಕು.”

ನಾನು ಗೋಡೆಗೆ ಮೊಳೆ ಹೊಡೆದು ಚಂದ್ರಿಯನ್ನು ತೂಗುಹಾಕಿದೆ. ಹಾಕಿದ ಮೇಲೆ, ದೊಡ್ಡದೊಂದು ಗೆದ್ದವನಂತೆ, ಅದೇ ಗೋಡೆಗೆ, ಚಂದ್ರಿಗೆ ತಾಗುವಂತೆ, ಬೆನ್ನು ಆನಿಸಿ ನಿಂತು ಗಂಗಾ ಕೊಟ್ಟ ಚಹಾ ಕುಡಿದೆ. ಆ ಒಂದು ಬಟ್ಟಲು ಚಹಾ ನಾನು ಮಾಡಿದ ತಪ್ಪು. ಅದು ನನಗೆ ತಿಳಿದದ್ದು ಮೊನ್ನೆ ಬಸ್ಸಿನಲ್ಲಿ.

ಆಪರೇಶನ್ ಚೆನ್ನಾಗಿ ಆಯಿತು. ಒಂದು ಕಣ್ಣು, ಮುಂದೆ ಇನ್ನೊಂದು. ಕರಿ ಕನ್ನಡಕ ತೆಗೆಯಬಹುದೆಂದು ಡಾಕ್ಟರು ಹೇಳಿದ ದಿನ ನಾನೂ ಶಕುಂತಲಾಳೂ ಕೆಲಗೇರಿಗೆ ಹೋದೆವು. ಅತ್ತೆ ಚಿತ್ರದ ಮುಂದೆ ನಿಂತಳು. ಬೆರಳು ಮಡಿಚುತ್ತ ಒಂದೊಂದೇ ಕಪ್ಪು ಎಣಿಸಿದಳು. ನನಗೆ ಶಾಲಾ ತಪಾಸಣೆಗೆ ಸಾಹೇಬರು ಬಂದಾಗಲೂ ಅಂಥ ಭಯ ಆಗಿರಲಿಲ್ಲ.

“ಆರು.”

“ಏಳ ಅದಾವ ಅತ್ತಿ.”

“ಆರು. ಕಿವಿ ಒಳಗಿಂದು ಎಲ್ಲಿ? ನಾ ಈ ಕೈಲ ಮುಟ್ಟಿ ನೋಡಿದ್ದೆ. ಎಲ್ಲಿ ಹೋತು?”

ಹೋಗಿ ನೋಡಿದರೆ ಖರೇನೇ ಇರಲಿಲ್ಲ. ಕಿವಿಯ ಜಾಗದಲ್ಲಿ ಬರೀ ಹಲಗೆ. ಗಂಗಾ ಧೂಳು ಹೊಡೆಯುವಾಗ ಹೋಗಿರಬೇಕೆಂದು ಮಗ ಅಂದ, ಗಂಗಾ ಮೂರು ದಿನ ಅವನೊಂದಿಗೆ ಮಾತು ಬಿಟ್ಟಳು. ಹಲ್ಲಿಯ ಮೇಲೂ ಸಂಶಯ ಹೋಯಿತು. ಇಷ್ಟರ ನಡುವೆ ಅತ್ತೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ದಿಟ್ಟಿಸಿ ನೋಡಿದಳು. ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟಳು.

“ಬಸ್ಯಾ, ಎಮ್ಮಿ ಛಲೋ ಮಾಡೀ. ಆದರ ನೀ ಯಾವಾಗೋ ಇಷ್ಟ ಮುದುಕ ಆದದ್ದು? ಯಾರೂ ನನಗ ಹೇಳಲಿಲ್ಲ.”

ಶಕುಂತಲಾ ನಕ್ಕಳು. ನಾನೂ ನಕ್ಕೆ. ಬೆಳ್ಳಗಾದ ತಲೆಯ ಬಗ್ಗೆ ಆವರೆಗೆ ನನಗೆ ಬೇಸರವಿರಲಿಲ್ಲ. ಅವಳ ಕೈ ಅದರ ಮೇಲಿದ್ದಷ್ಟು ಹೊತ್ತು ತಲೆ ಬಗ್ಗಿಸಿಯೇ ನಿಂತೆ.

ಆಮೇಲೆ ತಿಂಗಳುಗಟ್ಟಲೆ ಕಿವಿಯದೇ ಗೋಳು. ಬೇರೆ ಬೇರೆ ಹಾಳೆಯಲ್ಲಿ ನಾಲ್ಕು ಸಲ ಕತ್ತರಿಸಿ ಒಯ್ದೆ. ಫೈಲು ಇತ್ತು, ಮಶೀನು ಇತ್ತು, ಆ ಬಣ್ಣ ಇರಲಿಲ್ಲ. ಎದುರು ಮನೆಯ ಎಮ್ಮೆಯ ಕಿವಿ ಕೀಳಲು ಹೋದರೆ ಅದೂ ಹರಿದುಹೋಯಿತು. ಈಗ ಕಣ್ಣು ಬಂದಿತ್ತಲ್ಲ, ಅತ್ತೆ ಬೆಳಕಿಗೆ ಹಿಡಿದು ನೋಡಿ ನಾಲ್ಕನ್ನೂ ವಾಪಸು ಮಾಡಿದಳು. “ಇದು ಕಿವಿ ಅಲ್ಲ, ಚಪ್ಪಲಿ ಅಟ್ಟಿ,” ಎಂದಳು ಒಂದಕ್ಕೆ. ನಾನು ಫೋನು ಮಾಡಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು “ಕಿವಿ ಸಿಕ್ಕಿತೇನು?” ಎಂಬ ಪ್ರಶ್ನೆ. ಸಿಕ್ಕಿರಲಿಲ್ಲ, ಯಾಕೆಂದರೆ ಅದು ನಮ್ಮ ಟ್ರಂಕಿನಲ್ಲಿ, ಬೇವಿನ ಎಲೆಯ ನಡುವೆ, ನಾನು ಒಗೆಯಲು ಹಾಕದೆ ಮಡಿಚಿಟ್ಟ ಸ್ವೆಟರಿನ ಬೆನ್ನಿಗೆ ಅಂಟಿಕೊಂಡು ಮಲಗಿತ್ತು. ಟ್ರಂಕಿಗೆ ಹಾಕುವ ಮೊದಲು ಒಗೆಸಿ ಎಂದು ಶಕುಂತಲಾ ಪ್ರತಿವರ್ಷ ಹೇಳುತ್ತಾಳೆ. ಅವಳ ಮಾತು ಕೇಳಿದ್ದರೆ ಕಿವಿ ಬಚ್ಚಲಿಗೆ ಹೋಗುತ್ತಿತ್ತು. ಇದನ್ನು ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಪಿಂಚಣಿ ಕಚೇರಿಗೆ ಇಳಿಯಬೇಕಾದಲ್ಲಿ ಇಳಿಯಲಿಲ್ಲ. ನಾನು ಬದುಕಿರುವ ವಿಷಯ ನಾಳೆ ಹೇಳಿದರೂ ನಡೆಯುತ್ತದೆ ಎಂದುಕೊಂಡು ನೇರ ಕೆಲಗೇರಿಗೆ ಹೋದೆ.

ಅತ್ತೆ ಕಿವಿಯನ್ನು ಅಂಗೈಯಲ್ಲಿಟ್ಟುಕೊಂಡಳು. ಉಣ್ಣೆಯ ಎಳೆ ಒಂದೊಂದಾಗಿ ಕಿತ್ತಳು. ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದಳು. “ಹೌದು. ಇದ,” ಅಂದಳು. “ಎಲ್ಲಿತ್ತೋ?”

“ನನ್ನ ಬೆನ್ನಿಗೆ.”

“ಕಳ್ಳ.”

ನಾನು ಅಂಟಿಸಲು ಹೊಸ ಟೇಪು ಒಯ್ದಿದ್ದೆ. ಕೈ ಮುಂದೆ ಮಾಡಿದರೆ ಅವಳು ಬಿಡಲಿಲ್ಲ. ಟೇಪು ಹಚ್ಚಿಸಿಕೊಂಡು ಚಿತ್ರದ ಮುಂದೆ ನಿಂತಳು. ನಿಂತು, ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಅಷ್ಟು ಕಷ್ಟಪಟ್ಟು ವಾಪಸು ಪಡೆದ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಎಡಗೈ ಸೊಟ್ಟ ಕೊಂಬನ್ನು ಹುಡುಕಿತು, ಅದರ ಬುಡಕ್ಕೆ ಜಾರಿತು, ಒಂದು ಬೆರಳಷ್ಟು ಕೆಳಗೆ ಬಂದು ನಿಂತಿತು. ಬಲಗೈ ಕಿವಿಯನ್ನು ಅಲ್ಲಿಟ್ಟು ಒತ್ತಿತು. ಎಳ್ಳಷ್ಟೂ ಆಚೆ ಈಚೆ ಆಗಲಿಲ್ಲ.

ಕಣ್ಣು ತೆರೆಯದೆ ಮುಂದೆ ಬಾಗಿ, ಆ ಕಿವಿಯ ಹತ್ತಿರ ಬಾಯಿಟ್ಟು ಏನೋ ಅಂದಳು. ನನಗೆ ಕೇಳಿಸಲಿಲ್ಲ. ಚಹಾಕ್ಕೆ ಕೂಗಬಹುದೆಂದು ನಾನು ಚಾಪೆ ಎಳೆದು ಕೂಡಲು ಹೊರಟೆ.

“ಕುಂದ್ರಬ್ಯಾಡ, ಹೋಗು ನೀ,” ಅಂದಳು ಅತ್ತೆ, ಚಾಪೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಚಂದ್ರಿಯ ಮುಂದೆ ಹಾಸುತ್ತ. “ಹತ್ತ ತಿಂಗಳ ನಾ ಆಡಿದ್ದು ಒಂದ ಮಾತೂ ಕೇಳಿಲ್ಲ ಆಕಿಗಿ. ಈಗ ಎಲ್ಲಾ ಮೊದಲಿಂದ ಹೇಳಬೇಕು.”

ನಾನು ಚಪ್ಪಲಿ ಮೆಟ್ಟಿಕೊಂಡು, ಹಿಂದಿನಿಂದ ಬಾಗಿಲು ಮೆಲ್ಲಗೆ ಮುಂದೆ ಮಾಡಿದೆ.